ಮಗುವಿನ ಮೈಯನ್ನು ಅಳೆದ ಬಗೆ: ಮದರಾಸಿನಿಂದ ಚೆನ್ನೈವರೆಗೆ

ಚೆನ್ನೈನ ಎಗ್ಮೋರಿನಲ್ಲಿ, ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ, ಎರಡು ಸರ್ಕಾರಿ ಸಂಸ್ಥೆಗಳಿವೆ. ಒಂದು ಪ್ಯಾಂಥಿಯನ್ ರಸ್ತೆಯ ವಸ್ತುಸಂಗ್ರಹಾಲಯ. ಅಮರಾವತಿಯ ಶಿಲ್ಪಗಳನ್ನೂ ಚೋಳರ ಕಾಲದ ಕಂಚಿನ ವಿಗ್ರಹಗಳನ್ನೂ ನೋಡಲು ನಮ್ಮಲ್ಲಿ ಅನೇಕರು ಅಲ್ಲಿಗೆ ಹೋಗಿರುತ್ತೇವೆ. ಇನ್ನೊಂದು ಹಾಲ್ಸ್ ರಸ್ತೆಯ ಸರ್ಕಾರಿ ಮಕ್ಕಳ ಆಸ್ಪತ್ರೆ. ಈ ಎರಡಕ್ಕೂ ಮೇಲ್ನೋಟಕ್ಕೆ ಯಾವ ಸಂಬಂಧವೂ ಇಲ್ಲ. ಆದರೆ ಮನುಷ್ಯರ ಮೈಯನ್ನು ಇಕ್ಕುಳದಂಥ ಉಪಕರಣದಲ್ಲಿ ಹಿಡಿದು ಅಂಕಿಯಾಗಿ ಬರೆದಿಡುವ ಕೆಲಸ ಎರಡು ಕಡೆಯೂ ನಡೆದಿದೆ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶಕ್ಕೆ. ಆ ಉದ್ದೇಶಗಳು ಹೇಗೆ ಬದಲಾದವು ಎಂಬುದೇ ಈ ಬರಹದ ವಿಷಯ. ಇಂದು ಮಕ್ಕಳ ಮೈಯ ಕೊಬ್ಬನ್ನು ಅಳೆಯುವ ವಿದ್ಯೆಗೆ ಒಂದೂಕಾಲು ಶತಮಾನದ ಹಿನ್ನೆಲೆ ಇದೆ. ಅದರ ಒಂದು ದೊಡ್ಡ ಪಾಲು ಮದರಾಸು ಸಂಸ್ಥಾನದಲ್ಲಿ, ಇನ್ನೊಂದು ಮುಖ್ಯ ಪಾಲು ನಮ್ಮ ಮೈಸೂರಿನಲ್ಲಿ ನಡೆಯಿತು.

ಬದಲಾಗದ್ದನ್ನು ಹುಡುಕಿದ ಅಳತೆ

1885ರಿಂದ 1908ರವರೆಗೆ ಎಗ್ಮೋರಿನ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದವನು ಎಡ್ಗರ್ ಥರ್ಸ್ಟನ್. ವೈದ್ಯಶಿಕ್ಷಣ ಪಡೆದು ಬಂದಿದ್ದ ಈತ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳ ಬಗ್ಗೆ 1909ರಲ್ಲಿ ಏಳು ಸಂಪುಟಗಳನ್ನು ಹೊರತಂದ. ಮದರಾಸು ನಗರದ ಬ್ರಾಹ್ಮಣರು, ಕಮ್ಮಾಳರು, ಪಳ್ಳಿಗಳು, ಪರೆಯರು; ನೀಲಗಿರಿಯ ತೋಡರು, ಕೋತರು ಹೀಗೆ ಗುಂಪು ಗುಂಪಾಗಿ ಜನರ ತಲೆಯ ಉದ್ದಗಲ, ಮೂಗಿನ ಎತ್ತರ ಮತ್ತು ಅಗಲ, ತೋಳಿನ ಉದ್ದ ಇವುಗಳನ್ನು ಕ್ಯಾಲಿಪರಿನಲ್ಲಿ ಅಳೆದು ಪಟ್ಟಿ ಮಾಡಿದ. ಪೊಲೀಸ್ ಅಧಿಕಾರಿಗಳಿಗೂ ಈ ವಿದ್ಯೆಯ ಪಾಠ ಹೇಳಿದ. ವಯನಾಡಿನ ಪಣಿಯ ಹೆಂಗಸರು, ತಮ್ಮಲ್ಲಿ ಲಕ್ಷಣವಾಗಿರುವವರನ್ನು ಕೊಂಡೊಯ್ದು ಒಳಗೆ ಹುಲ್ಲು ತುಂಬಿ ಮದರಾಸಿನಲ್ಲಿ ಪ್ರದರ್ಶನಕ್ಕೆ ಇಡುತ್ತಾರೆಂದು ಹೆದರಿದ್ದರು ಎಂಬುದನ್ನು ಅವನೇ ಒಂದು ತಮಾಷೆಯಂತೆ ದಾಖಲಿಸಿದ್ದಾನೆ. ಸತ್ತ ಪ್ರಾಣಿಗಳ ಮೈಯಲ್ಲಿ ಹುಲ್ಲು ತುಂಬಿ ನಿಲ್ಲಿಸುತ್ತಿದ್ದ ಸಂಸ್ಥೆಯಿಂದ ಬಂದವನು ಕೈಯಲ್ಲಿ ಇಕ್ಕುಳ ಹಿಡಿದು ನಿಂತಾಗ ಆ ಹೆಂಗಸರಿಗೆ ಬೇರೇನು ತೋರಬೇಕಿತ್ತು?

ಥರ್ಸ್ಟನ್ನನ ಅಳತೆಗಳು ಹೆಚ್ಚಾಗಿ ವಯಸ್ಕರವು. ಅದಕ್ಕೆ ಕಾರಣವಿದೆ. ಆ ಕಾಲದ ಜನಾಂಗಶಾಸ್ತ್ರಕ್ಕೆ ಬೇಕಾಗಿದ್ದದ್ದು ದೇಹದಲ್ಲಿ ಬದಲಾಗದೆ ಉಳಿಯುವ ಲಕ್ಷಣ. ಉಣಿಸಿದರೂ ಉಪವಾಸ ಕೆಡವಿದರೂ ಮೂಗಿನ ಪ್ರಮಾಣ ಬದಲಾಗುವುದಿಲ್ಲ, ಆದ್ದರಿಂದ ಅದು ಜಾತಿಯ ಗುರುತು ಎಂಬುದು ಆ ತರ್ಕ. ಮೈಯ ಕೊಬ್ಬು ಅವರಿಗೆ ಅಡ್ಡಿಯಾಗಿತ್ತು. ಋತು, ಸುಗ್ಗಿ, ಸಂಬಳಗಳಿಗೆ ತಕ್ಕಂತೆ ಅದು ಏರಿಳಿಯುತ್ತದೆ. ಬೆಳೆಯುವ ಮಗುವಂತೂ ಈ ಲೆಕ್ಕಕ್ಕೆ ಒಗ್ಗುವಂಥದ್ದೇ ಅಲ್ಲ. ಮಗುವನ್ನು ಅಳೆಯಬೇಕಾದರೆ ಬದಲಾಗುವುದನ್ನೇ ಅಳೆಯಬೇಕು. ಅಂಥ ಅಳತೆಯ ಅಗತ್ಯವನ್ನು ಮದರಾಸಿಗೆ ಮೊದಲು ತೋರಿಸಿದ್ದು ಥರ್ಸ್ಟನ್ ಬರುವುದಕ್ಕೂ ಮುಂಚಿನ ಒಂದು ಬರಗಾಲ.

ಒಂದು ಪೌಂಡ್ ಧಾನ್ಯದ ವಾದ

1876ರಿಂದ 1878ರವರೆಗಿನ ಮಹಾಕ್ಷಾಮವನ್ನು ಕನ್ನಡನಾಡಿನ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದರು. ತಮಿಳರಿಗೂ ಅದು ತಾದು ವರ್ಷದ ಪಂಜವೇ. ಆಗ ಮದರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆ ಅತಿ ಕೆಟ್ಟ ಪೆಟ್ಟು ತಿಂದ ಪ್ರದೇಶಗಳಲ್ಲೊಂದು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50.5 ಲಕ್ಷ ಇದ್ದದ್ದು 1881ರಲ್ಲಿ ಸುಮಾರು 41.9 ಲಕ್ಷಕ್ಕೆ ಇಳಿಯಿತು. ಮದರಾಸು ನಗರದಲ್ಲಿ ಅಡಯಾರು ಮತ್ತು ಕೂವಂ ನದಿಗಳನ್ನು ಕೂಡಿಸುವ ಕಾಲುವೆಯ ಭಾಗವನ್ನು ತೋಡಿದ್ದು ಆ ವರ್ಷಗಳಲ್ಲಿ ಹಸಿದು ಬಂದ ಕೂಲಿಗಳೇ. ಆಗಿನ ಗವರ್ನರನ ಹೆಸರಿನಲ್ಲಿ ಅದು ಬಕಿಂಗ್‌ಹ್ಯಾಮ್ ಕಾಲುವೆಯಾಯಿತು. ಮೈಲಾಪುರದ ಕಡೆ ಓಡಾಡುವವರು ದಿನವೂ ಅದನ್ನು ದಾಟುತ್ತಾರೆ.

ಪರಿಹಾರ ಕಾಮಗಾರಿಯ ಕೂಲಿಗೆ ದಿನಕ್ಕೆ ಎಷ್ಟು ಧಾನ್ಯ ಕೊಟ್ಟರೆ ಅವನು ಬದುಕಿ ಉಳಿಯುತ್ತಾನೆ ಎಂಬ ಪ್ರಶ್ನೆ ಆಗ ಎದ್ದಿತು. ವೈಸರಾಯನ ಪ್ರತಿನಿಧಿಯಾಗಿ 1877ರ ಆರಂಭದಲ್ಲಿ ಬಂದ ಸರ್ ರಿಚರ್ಡ್ ಟೆಂಪಲ್, ಗಂಡಾಳಿಗೆ ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ ಮತ್ತು ಒಂದಾಣೆ ಸಾಕೆಂದು ನಿಗದಿ ಮಾಡಿದ. ಮದರಾಸಿನ ಸ್ಯಾನಿಟರಿ ಕಮಿಷನರ್ ಡಾ. ಡಬ್ಲ್ಯು. ಆರ್. ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದ. ಸೆರೆಮನೆಯ ಕೈದಿಗೇ ಇದಕ್ಕಿಂತ ಹೆಚ್ಚು ಅನ್ನ ಸಿಗುತ್ತದೆ, ದುಡಿಯುವವನಿಗೆ ಕನಿಷ್ಠ ಒಂದೂವರೆ ಪೌಂಡ್ ಧಾನ್ಯ, ಅದರ ಜೊತೆಗೆ ಬೇಳೆ ತರಕಾರಿ ಬೇಕು ಎಂಬುದು ಅವನ ವಾದ. ಶಿಬಿರಗಳಲ್ಲಿ ಸಾವುಗಳು ಏರಿದ ಮೇಲೆ ಸರ್ಕಾರ ಪ್ರಮಾಣವನ್ನು ಹೆಚ್ಚಿಸಬೇಕಾಯಿತು.

ಈ ವಾದವಿವಾದದಲ್ಲಿ ತೂಗಿದ್ದು ಧಾನ್ಯವನ್ನು. ಮೈ ಸೊರಗಿದೆಯೋ ಇಲ್ಲವೋ ಎಂಬುದನ್ನು ಅಧಿಕಾರಿಗಳು ಕಣ್ಣಳತೆಯಲ್ಲೇ ನಿರ್ಧರಿಸುತ್ತಿದ್ದರು. ಪಕ್ಕೆಲುಬು ಕಾಣುವ ಹೊತ್ತಿಗೆ ಮಗು ಎಷ್ಟೋ ವಾರಗಳಿಂದ ಸೊರಗಿರುತ್ತದೆ. ಡಬ್ಲ್ಯು. ಡಬ್ಲ್ಯು. ಹೂಪರ್ ತೆಗೆದ ಮದರಾಸು ಕ್ಷಾಮದ ಛಾಯಾಚಿತ್ರಗಳಲ್ಲಿ ನಾವು ಇಂದು ಕಾಣುವ ಮಕ್ಕಳು ಅಂಥವರು. ನೋಡುವವರೆಲ್ಲರಿಗೂ ಗೊತ್ತಾಗುವಷ್ಟು ತಡವಾದ ಮೇಲೆ ಅವರು ದಾಖಲೆಗೆ ಬಂದರು.

ಕೂನೂರಿನ ಇಲಿಗಳು, ಶಾಲೆಯ ಊಟ

ಕಣ್ಣಳತೆಯಿಂದ ತಕ್ಕಡಿಗೆ ಬರಲು ಇನ್ನೂ ಅರ್ಧ ಶತಮಾನ ಬೇಕಾಯಿತು. ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ 1918ರಲ್ಲಿ ಬೆರಿಬೆರಿ ರೋಗದ ಬಗ್ಗೆ ಆರಂಭಿಸಿದ ಸಣ್ಣ ವಿಚಾರಣಾ ಘಟಕವೇ ಮುಂದೆ ಪೋಷಣಾ ಸಂಶೋಧನಾಲಯವಾಗಿ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಮೆಕ್ಯಾರಿಸನ್ನನ ಒಂದು ಪ್ರಯೋಗ ಪ್ರಸಿದ್ಧ. ಒಂದೇ ವಯಸ್ಸು ಮತ್ತು ತೂಕದ ಇಲಿಮರಿಗಳ ಗುಂಪುಗಳಿಗೆ ಭಾರತದ ಬೇರೆ ಬೇರೆ ಪ್ರಾಂತ್ಯದವರು ಉಣ್ಣುವ ಆಹಾರವನ್ನು ಕೊಟ್ಟು ಅವು ಎಷ್ಟು ಬೆಳೆಯುತ್ತವೆಂದು ತೂಗಿ ನೋಡಿದ. ಸಿಖ್ಖರ ಗೋಧಿ, ಹಾಲು, ಸೊಪ್ಪಿನ ಊಟ ತಿಂದ ಇಲಿಗಳು ಸರಾಸರಿ 235 ಗ್ರಾಂ ತೂಗಿದವು. ಮದರಾಸಿಗಳ ಅಕ್ಕಿಯ ಊಟದವು 155 ಗ್ರಾಂ. ಈ ಪಟ್ಟಿಯಲ್ಲಿ ಕನ್ನಡಿಗರ ಊಟಕ್ಕೂ ಒಂದು ಪಂಕ್ತಿಯಿದೆ: 185 ಗ್ರಾಂ. ಬಂಗಾಳಿಗಳಿಗಿಂತ ತುಸು ಮೇಲೆ, ಗೂರ್ಖರಿಗಿಂತ ಕೆಳಗೆ. 1936ರಲ್ಲಿ ಲಂಡನ್ನಿನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಅವನು ಇದನ್ನು ವಿವರಿಸಿದ.

ಈ ಪ್ರಯೋಗ ಥರ್ಸ್ಟನ್ನನ ತರ್ಕವನ್ನು ತಲೆಕೆಳಗು ಮಾಡಿತು. ಪ್ರಾಂತ್ಯ ಪ್ರಾಂತ್ಯಗಳ ಜನರ ಮೈಕಟ್ಟಿನ ವ್ಯತ್ಯಾಸವನ್ನು ಅಲ್ಲಿಯವರೆಗೆ ರಕ್ತದ ಗುಣವೆಂದು ಬಗೆಯಲಾಗಿತ್ತು. ಒಂದೇ ತಳಿಯ ಇಲಿಗಳಲ್ಲೂ ಬರೀ ಊಟದಿಂದ ಅದೇ ವ್ಯತ್ಯಾಸ ಹುಟ್ಟುತ್ತದೆಂದಾದರೆ, ಅದರ ಮೂಲ ಅಡುಗೆಮನೆಯಲ್ಲೂ ಸಂಬಳದಲ್ಲೂ ಇರಬೇಕಲ್ಲವೆ? ಆದರೆ ಅದೇ ಪ್ರಯೋಗದಲ್ಲಿ ಇನ್ನೊಂದು ನಂಬಿಕೆಯ ಬೀಜವೂ ಇತ್ತು. ಹೆಚ್ಚು ತೂಗುವುದೇ ಹೆಚ್ಚು ಆರೋಗ್ಯ ಎಂಬ ಭಾವನೆ ಅಲ್ಲಿಂದ ಬಹುಕಾಲ ಉಳಿಯಿತು. ಮೆಕ್ಯಾರಿಸನ್ನನ ನಂತರ ಬಂದ ವ್ಯಾಲೇಸ್ ಐಕ್ರಾಯ್ಡ್ 1930ರ ದಶಕದಲ್ಲಿ ದಕ್ಷಿಣ ಭಾರತದ ಶಾಲಾಮಕ್ಕಳನ್ನು ಪರೀಕ್ಷಿಸಿ, ಕೆನೆ ತೆಗೆದ ಹಾಲಿನ ಪುಡಿ ಕೊಟ್ಟರೆ ಅವರ ಎತ್ತರ ತೂಕಗಳು ಹೇಗೆ ಏರುತ್ತವೆಂದು ತೋರಿಸಿದ.

ಶಾಲೆಯಲ್ಲಿ ಊಟ ಕೊಡುವ ಯೋಚನೆ ಮದರಾಸಿಗೆ ಅದಕ್ಕಿಂತಲೂ ಹಳೆಯದು. 1920ರಲ್ಲಿ ಪಿ. ತ್ಯಾಗರಾಯ ಚೆಟ್ಟಿಯವರು ನಗರಸಭೆಯ ಅಧ್ಯಕ್ಷರಾಗಿದ್ದಾಗ ತೌಸಂಡ್ ಲೈಟ್ಸ್ ಪ್ರದೇಶದ ಕಾರ್ಪೊರೇಷನ್ ಶಾಲೆಯಲ್ಲಿ, ತಲೆಗೆ ದಿನಕ್ಕೆ ಒಂದಾಣೆ ಮೀರದಂತೆ, ಮಧ್ಯಾಹ್ನದ ಆಹಾರ ಕೊಡಲು ನಿರ್ಣಯವಾಯಿತು. ಹಸಿದ ಮಕ್ಕಳು ಶಾಲೆಗೆ ಬರುವುದಿಲ್ಲ ಎಂಬುದು ಅದರ ಹಿಂದಿನ ಸರಳ ಕಾರಣ. 1950ರ ದಶಕದಲ್ಲಿ ಕಾಮರಾಜರು ಇದನ್ನು ರಾಜ್ಯಕ್ಕೆ ಹರಡಿದರು. 1982ರ ಜುಲೈ 1ರಂದು ಎಂ. ಜಿ. ರಾಮಚಂದ್ರನ್ ಪೌಷ್ಟಿಕ ಊಟದ ಯೋಜನೆಯಾಗಿ ವಿಸ್ತರಿಸಿದರು. ಈ ಯೋಜನೆಗಳಲ್ಲಿ ಮಗು ಹಸಿದಿದೆ ಎಂಬುದೇ ಆಧಾರ. ಯಾರ ಮೈಯನ್ನೂ ಅಳೆದು ಅನ್ನ ಬಡಿಸಲಿಲ್ಲ.

ಅಳೆದು ಬಡಿಸುವ ಯೋಜನೆಯೂ ಅದೇ ಹೊತ್ತಿಗೆ ಬಂತು. 1980ರಲ್ಲಿ ವಿಶ್ವಬ್ಯಾಂಕಿನ ಸಾಲದೊಂದಿಗೆ ಆರಂಭವಾದ ತಮಿಳುನಾಡು ಸಮಗ್ರ ಪೋಷಣಾ ಯೋಜನೆಯಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳನ್ನು ಹಳ್ಳಿಯ ಕಾರ್ಯಕರ್ತೆಯರು ತಿಂಗಳಿಗೊಮ್ಮೆ ತೂಗುತ್ತಿದ್ದರು. ಯಾವ ಮಗುವಿನ ತೂಕ ನಿರೀಕ್ಷೆಯಂತೆ ಏರಲಿಲ್ಲವೋ ಆ ಮಗುವಿಗೆ ಮಾತ್ರ ಮೂರು ತಿಂಗಳ ಕಾಲ ಪೂರಕ ಆಹಾರದ ಉಂಡೆ. ಏರುದಾರಿಗೆ ಬಂದರೆ ಉಂಡೆ ನಿಲ್ಲುತ್ತಿತ್ತು. ನೈಜೀರಿಯಾದ ಇಲೇಶ ಎಂಬ ಊರಿನಲ್ಲಿ ಡೇವಿಡ್ ಮೋರ್ಲಿ ರೂಪಿಸಿದ ಬೆಳವಣಿಗೆಯ ಪಟ್ಟಿಯ ಮಾದರಿ ಹೀಗೆ ತಮಿಳುನಾಡಿನ ಹಳ್ಳಿಗಳ ಗೋಡೆಗೆ ಬಂತು. ಈ ಯೋಜನೆಯ ದೊಡ್ಡ ಕೊಡುಗೆ ಎಂದರೆ ಒಂದು ದಿನದ ತೂಕಕ್ಕಿಂತ ತಿಂಗಳಿಂದ ತಿಂಗಳಿಗೆ ಹೋಗುವ ಗೆರೆಯನ್ನು ಓದುವ ಅಭ್ಯಾಸ. ಬೆಳೆಯುವ ಮಗುವಿಗೆ ಸಲ್ಲುವ ಅಳತೆ ಅದೇ.

ಬಳೆ, ಪಟ್ಟಿ, ಚಿಮುಟ

ತೂಕಕ್ಕೆ ಒಂದು ಮಿತಿಯಿದೆ. ಅದು ಮೂಳೆ, ನೀರು, ಸ್ನಾಯು, ಕೊಬ್ಬು ಎಲ್ಲವನ್ನೂ ಒಟ್ಟಿಗೆ ಹೇಳುತ್ತದೆ. ಜೊತೆಗೆ ವಯಸ್ಸು ಖಚಿತವಾಗಿ ಗೊತ್ತಿರಬೇಕು. ಇದಕ್ಕೆ ಪರಿಹಾರವಾಗಿ ಬಂದದ್ದು ತೋಳಿನ ಸುತ್ತಳತೆ. ಒಂದರಿಂದ ಐದು ವರ್ಷದವರೆಗೆ ಮಗುವಿನ ತೋಳಿನಲ್ಲಿ ಶೈಶವದ ಕೊಬ್ಬು ಕರಗುತ್ತ ಸ್ನಾಯು ಬೆಳೆಯುತ್ತದೆ. ಒಟ್ಟು ಸುತ್ತಳತೆ ಹೆಚ್ಚೇನೂ ಬದಲಾಗುವುದಿಲ್ಲ. ಆದ್ದರಿಂದ ಹುಟ್ಟಿದ ತಾರೀಖು ಗೊತ್ತಿಲ್ಲದಿದ್ದರೂ ಈ ಅಳತೆ ನಡೆಯುತ್ತದೆ. 12.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಅಪೌಷ್ಟಿಕತೆ, 11.5ಕ್ಕಿಂತ ಕಡಿಮೆಯಾದರೆ ತೀವ್ರ ಅಪೌಷ್ಟಿಕತೆ ಎಂಬುದು ಈಗ ಜಗತ್ತು ಒಪ್ಪಿದ ಗಡಿ. ಮೂರು ಬಣ್ಣದ ಪಟ್ಟಿಯೊಂದು ಸಾಕು, ಓದು ಬರಹ ಬೇಡ. ನಮ್ಮ ದೇಶದ ಸಮುದಾಯ ವೈದ್ಯಶಾಸ್ತ್ರದಲ್ಲಿ ಇದಕ್ಕೆ ಇನ್ನೂ ಸರಳವಾದ ರೂಪವಿದೆ: ನಾಲ್ಕು ಸೆಂಟಿಮೀಟರ್ ವ್ಯಾಸದ ಬಳೆ. ಅದು ಮೊಣಕೈ ದಾಟಿ ಮೇಲೇರಿದರೆ ಮಗು ಸೊರಗಿದೆ ಎಂದರ್ಥ. ನಾಲ್ಕು ಸೆಂಟಿಮೀಟರ್ ವ್ಯಾಸವೆಂದರೆ ಸುತ್ತಳತೆ 12.56 ಎಂದು ಲೆಕ್ಕ ಹಾಕಿದರೆ ಬಳೆಗೂ ಪಟ್ಟಿಗೂ ಇರುವ ನಂಟು ತಿಳಿಯುತ್ತದೆ. ನಮ್ಮ ಮನೆಗಳಲ್ಲಿ ಮಗುವಿನ ಸೊಂಟಕ್ಕೆ ಕಟ್ಟುವ ಉಡಿದಾರವೂ ಒಂದು ಬಗೆಯ ಅಳತೆಯೇ. ಅದು ಬಿಗಿಯಾಯಿತು, ಸಡಿಲವಾಯಿತು ಎಂದು ಅಜ್ಜಿಯರು ಹೇಳುತ್ತಿದ್ದದ್ದು ಮೊಮ್ಮಕ್ಕಳ ಬೆಳವಣಿಗೆಯ ವರದಿ.

ಇವೆಲ್ಲ ಕೊರತೆಯನ್ನು ಪತ್ತೆ ಮಾಡುವ ಸಾಧನಗಳು. ಕೊಬ್ಬನ್ನೇ ಪ್ರತ್ಯೇಕವಾಗಿ ಅಳೆಯಲು ಬಳಸುವುದು ಚರ್ಮದ ಮಡಿಪಿನ ಕ್ಯಾಲಿಪರ್. ತೋಳಿನ ಹಿಂಬದಿಯಲ್ಲಿ ಭುಜಕ್ಕೂ ಮೊಣಕೈಗೂ ನಡುವೆ, ಬೆನ್ನಿನಲ್ಲಿ ಹೆಗಲ ಹಲಗೆಮೂಳೆಯ ತುದಿಯ ಕೆಳಗೆ, ಹೆಬ್ಬೆರಳು ತೋರುಬೆರಳುಗಳಿಂದ ಚರ್ಮವನ್ನು ಅದರಡಿಯ ಕೊಬ್ಬಿನ ಸಮೇತ ಹಿಡಿದೆತ್ತಿ ಮಿಲಿಮೀಟರಿನಲ್ಲಿ ದಪ್ಪ ಓದುತ್ತಾರೆ. ಒಬ್ಬರು ಗಟ್ಟಿಯಾಗಿ, ಒಬ್ಬರು ಮೆಲ್ಲಗೆ ಒತ್ತಿದರೆ ಲೆಕ್ಕ ಕೆಡುತ್ತದೆ. ಇಂಗ್ಲೆಂಡಿನ ಹಾರ್ಪೆಂಡನ್ನಿನಲ್ಲಿ ಮಕ್ಕಳ ಬೆಳವಣಿಗೆಯನ್ನು ವರ್ಷಗಟ್ಟಲೆ ಗಮನಿಸಿದ ಜೇಮ್ಸ್ ಟ್ಯಾನರ್ ಮತ್ತು ಸಂಗಡಿಗರು 1955ರಲ್ಲಿ ಪ್ರಕಟಿಸಿದ ಕ್ಯಾಲಿಪರ್ ಎಷ್ಟು ತೆರೆದರೂ ಒಂದೇ ಒತ್ತಡ ಹಾಕುತ್ತದೆ: ಚದರ ಮಿಲಿಮೀಟರಿಗೆ 10 ಗ್ರಾಂ. ಥರ್ಸ್ಟನ್ನನ ಇಕ್ಕುಳ ಎಲುಬನ್ನು ಹುಡುಕುತ್ತಿತ್ತು. ಇದು ಎಲುಬಿನಿಂದ ದೂರ ಸರಿದು ಮೆತ್ತಗಿರುವುದನ್ನು ಹಿಡಿಯುತ್ತದೆ.

ಮಕ್ಕಳಲ್ಲಿ ಈ ಅಳತೆ ದೊಡ್ಡವರಿಗಿಂತ ಕಷ್ಟ. ಮಡಿಪಿನ ದಪ್ಪದಿಂದ ಇಡೀ ಮೈಯ ಕೊಬ್ಬನ್ನು ಅಂದಾಜು ಮಾಡುವ ಸೂತ್ರಗಳು ಕೊಬ್ಬಿಲ್ಲದ ಭಾಗದ ಸಾಂದ್ರತೆ ಸ್ಥಿರವೆಂದು ಭಾವಿಸುತ್ತವೆ. ವಯಸ್ಕರಲ್ಲಿ ಅದು ಸುಮಾರಾಗಿ ನಿಜ. ಮಕ್ಕಳ ಸ್ನಾಯುಗಳಲ್ಲಿ ನೀರಿನ ಅಂಶ ಹೆಚ್ಚು, ಮೂಳೆಯಲ್ಲಿ ಖನಿಜ ಕಡಿಮೆ. ಹಾಗಾಗಿ ದೊಡ್ಡವರ ಸೂತ್ರ ಮಕ್ಕಳ ಮೈಯಲ್ಲಿ ಇರುವುದಕ್ಕಿಂತ ಹೆಚ್ಚು ಕೊಬ್ಬನ್ನು ತೋರಿಸುತ್ತದೆ. ಸಹಜ ಕೊಬ್ಬಿನ ಪ್ರಮಾಣವೂ ವಯಸ್ಸಿನೊಡನೆ ಬದಲಾಗುತ್ತ ಹೋಗುತ್ತದೆ: ಹುಟ್ಟಿದ ಮೊದಲ ಆರು ತಿಂಗಳಲ್ಲಿ ಶೀಘ್ರವಾಗಿ ಏರಿ, ನಡೆದಾಡತೊಡಗಿದ ಮೇಲೆ ಇಳಿದು, ಐದಾರು ವರ್ಷದ ಹೊತ್ತಿಗೆ ಅತಿ ಕಡಿಮೆಯಾಗಿ, ಮತ್ತೆ ಏರತೊಡಗುತ್ತದೆ. ಹರೆಯಕ್ಕೆ ಬಂದಾಗ ಹುಡುಗಿಯರಲ್ಲಿ ಕೊಬ್ಬು, ಹುಡುಗರಲ್ಲಿ ಸ್ನಾಯು ಹೆಚ್ಚಾಗಿ ತುಂಬಿಕೊಳ್ಳುತ್ತವೆ. ಐದು ವರ್ಷದ ಮಗು ಸಣಕಲಾಗಿ ಕಂಡರೆ ನಾವು ಕಳವಳಪಡುತ್ತೇವೆ. ಆ ವಯಸ್ಸಿಗೆ ಅದು ಬಹುಮಟ್ಟಿಗೆ ಪ್ರಕೃತಿಯ ನಿಯಮ.

ಬಿಎಂಐ ಎಂಬ ಈಗಿನ ಮನೆಮಾತಿನ ಮೂಲ ಇದಕ್ಕಿಂತ ದೂರದ್ದು. ಬೆಲ್ಜಿಯಮ್ಮಿನ ಖಗೋಳಜ್ಞ ಕೆಟ್ಲೆ 1830ರ ದಶಕದಲ್ಲಿ ಸರಾಸರಿ ಮನುಷ್ಯನ ಲಕ್ಷಣಗಳನ್ನು ಹುಡುಕುವಾಗ, ತೂಕ ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂದು ಗಮನಿಸಿದ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಅದಕ್ಕೆ ಈಗಿನ ಹೆಸರಿಟ್ಟ. ತೂಕದ ಹಾಗೆಯೇ ಅದಕ್ಕೂ ಕೊಬ್ಬು ಯಾವುದು, ಸ್ನಾಯು ಯಾವುದು ಎಂಬುದು ತಿಳಿಯದು.

ಮೈಸೂರಿನ ಹೆರಿಗೆ ದಾಖಲೆಗಳು

ಬಡಕಲಾಗಿ ಕಾಣುವ ಭಾರತದ ಮಗುವಿನ ಮೈಯಲ್ಲಿ ಕೊಬ್ಬು ಎಲ್ಲಿ ಅಡಗಿದೆ ಎಂಬ ಪ್ರಶ್ನೆಗೆ ಉತ್ತರ ದೊರೆತ ಜಾಗಗಳಲ್ಲಿ ಒಂದು ಮೈಸೂರಿನ ಮಂಡಿ ಮೊಹಲ್ಲ. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಮೈಸೂರಿಗರು ಮಿಷನ್ ಆಸ್ಪತ್ರೆಯೆಂದೇ ಕರೆಯುತ್ತಾರೆ. 1934ರಿಂದ ಅಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರು ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಅರವತ್ತು ವರ್ಷಗಳ ನಂತರ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಮತ್ತು ಮೈಸೂರಿನ ವೈದ್ಯರು ಆ ಪುಸ್ತಕಗಳನ್ನು ಹಿಡಿದು, 1934ರಿಂದ 1954ರ ನಡುವೆ ಹುಟ್ಟಿ ಊರಿನಲ್ಲೇ ನೆಲೆಸಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ 11% ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ, ಮೂರು ಕಿಲೋಗೂ ಮಿಕ್ಕಿ ತೂಗಿದ್ದವರಲ್ಲಿ 3% ಮಂದಿಗೆ. ಆದರೆ ಮಧುಮೇಹದ ಲೆಕ್ಕ ಬೇರೆಯಾಗಿತ್ತು. ಅದು ಹೆಚ್ಚಾಗಿ ಕಂಡದ್ದು ಹುಟ್ಟುವಾಗ ಉದ್ದಕ್ಕೆ ಹೋಲಿಸಿದರೆ ದಪ್ಪಗಿದ್ದವರಲ್ಲಿ. ಹೆಸರು ಉಳಿಯದ ಆ ದಾದಿಯರು ಬೇಸರವಿಲ್ಲದೆ ದಿನವೂ ಬರೆದಿಟ್ಟದ್ದು, ಅವರು ಊಹಿಸಿಯೂ ಇರದ ಪ್ರಶ್ನೆಗೆ ಉತ್ತರವಾಯಿತು.

1997 ಮತ್ತು 98ರಲ್ಲಿ ಅದೇ ಆಸ್ಪತ್ರೆಯಲ್ಲಿ ಪಾರ್ಥೆನಾನ್ ಎಂಬ ಹೊಸ ಅಧ್ಯಯನ ಆರಂಭವಾಯಿತು. ಗರ್ಭಿಣಿಯರ ಸಕ್ಕರೆಯ ಮಟ್ಟವನ್ನು ಪರೀಕ್ಷಿಸಿದಾಗ ಸುಮಾರು 6% ಮಂದಿಯಲ್ಲಿ ಗರ್ಭಕಾಲದ ಮಧುಮೇಹವಿತ್ತು. ಹುಟ್ಟಿದ ಶಿಶುಗಳನ್ನು ಕ್ಯಾಲಿಪರಿನಲ್ಲಿ ಅಳೆದು ಮುಂದೆ ವರ್ಷ ವರ್ಷವೂ ಹಿಂಬಾಲಿಸಿದರು. ಡಾ. ಜಿ. ವಿ. ಕೃಷ್ಣವೇಣಿ, ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು 2005ರಲ್ಲಿ ವರದಿ ಮಾಡಿದಂತೆ, ಮೈಸೂರಿನ ಶಿಶುಗಳು ಬ್ರಿಟನ್ನಿನ ಶಿಶುಗಳಿಗಿಂತ ಬಹುತೇಕ ಎಲ್ಲ ಅಳತೆಯಲ್ಲೂ ಚಿಕ್ಕವು. ಬೆನ್ನಿನ ಚರ್ಮದ ಮಡಿಪು ಮಾತ್ರ ಕಡಿಮೆಯಾಗಿರಲಿಲ್ಲ. ನಾಲ್ಕು ವರ್ಷಕ್ಕೂ ಅದೇ ಚಿತ್ರ: ಮಗು ಗಿಡ್ಡ, ಹಗುರ, ಕೈಕಾಲು ಸಣ್ಣ, ಬೆನ್ನಿನ ಕೊಬ್ಬು ಮಾತ್ರ ಬ್ರಿಟನ್ನಿನ ಮಟ್ಟಕ್ಕಿಂತ ಹೆಚ್ಚು.

ಪುಣೆಯಲ್ಲಿ ಡಾ. ಸಿ. ಎಸ್. ಯಾಜ್ಞಿಕ್ ಹಳ್ಳಿಗಳ ತಾಯಂದಿರ ನಡುವೆ ನಡೆಸಿದ ಅಧ್ಯಯನವೂ ಇದನ್ನೇ ಹೇಳಿತು. ಅಲ್ಲಿಯ ಶಿಶುವಿನ ಸರಾಸರಿ ತೂಕ 2.7 ಕಿಲೋ, ಸೌತಾಂಪ್ಟನ್ನಿನ ಶಿಶುವಿನದು 3.5, ಕೊರತೆ ಸ್ನಾಯುವಿನಲ್ಲೂ ಅಂಗಾಂಗಗಳಲ್ಲೂ ಇತ್ತು, ಕೊಬ್ಬು ಬಹುಮಟ್ಟಿಗೆ ಉಳಿದಿತ್ತು. ತೆಳ್ಳಗೆ ಕಾಣುವ, ಒಳಗೆ ಕೊಬ್ಬಿರುವ ಈ ಶಿಶುವಿನ ಮಾತನ್ನು ಜಗತ್ತಿಗೆ ಮುಟ್ಟಿಸಲು ಯಾಜ್ಞಿಕರು 2004ರಲ್ಲಿ ತಮ್ಮದೇ ಚಿತ್ರವನ್ನು ಒಂದು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಪಕ್ಕದಲ್ಲಿ ನಿಂತವರು ಲಂಡನ್ನಿನ ಅವರ ಸ್ನೇಹಿತ, ವೈದ್ಯ ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಕೂಡ 22.3. ಯುಡ್ಕಿನ್ನರ ಮೈಯಲ್ಲಿ ಕೊಬ್ಬು 9.1%, ಯಾಜ್ಞಿಕರ ಮೈಯಲ್ಲಿ 21.2%.

ಅದೇ ವರ್ಷ ದೆಹಲಿಯ ಒಂದು ದೀರ್ಘ ಅಧ್ಯಯನ ಇನ್ನೊಂದು ಕೊಂಡಿಯನ್ನು ಸೇರಿಸಿತು. 1969ರಿಂದ 1972ರ ನಡುವೆ ಹುಟ್ಟಿ, ಬಾಲ್ಯವಿಡೀ ಪದೇ ಪದೇ ಅಳೆಯಲ್ಪಟ್ಟ ಮಕ್ಕಳಲ್ಲಿ ಯೌವನಕ್ಕೆ ಮಧುಮೇಹದತ್ತ ವಾಲಿದವರು ಎರಡು ವರ್ಷದ ಹೊತ್ತಿಗೆ ತೆಳ್ಳಗಿದ್ದು, ಆಮೇಲೆ ಬೇಗ ಮೈ ತುಂಬಿಕೊಳ್ಳತೊಡಗಿದವರಾಗಿದ್ದರು. ಅವರು ಬಾಲ್ಯದಲ್ಲಿ ಯಾರ ಕಣ್ಣಿಗೂ ಸ್ಥೂಲಕಾಯರಾಗಿ ಕಾಣುತ್ತಿರಲಿಲ್ಲ. ಅಪಾಯವಿದ್ದದ್ದು ತೆಳುವಿನಿಂದ ದಪ್ಪದ ಕಡೆಗೆ ಗೆರೆ ದಾಟಿದ ವೇಗದಲ್ಲಿ. ಅದು ಒಂದು ದಿನದ ಅಳತೆಯಲ್ಲಿ ಸಿಗುವುದಿಲ್ಲ.

ಒಂದೇ ಊರಿನ ಎರಡು ಶಾಲೆಗಳು

ಇನ್ನು ಮತ್ತೆ ಚೆನ್ನೈಗೆ. ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಇಲ್ಲಿನ 13ರಿಂದ 18 ವರ್ಷದ 4,700 ಶಾಲಾಮಕ್ಕಳನ್ನು ಪರೀಕ್ಷಿಸಿ 2002ರಲ್ಲಿ ವರದಿ ಮಾಡಿದಾಗ, ಹುಡುಗರಲ್ಲಿ 17.8%, ಹುಡುಗಿಯರಲ್ಲಿ 15.8% ಮಂದಿ ಅತಿತೂಕದವರಾಗಿದ್ದರು. ಮಧ್ಯಾಹ್ನದ ಊಟಕ್ಕೆ ದೇಶಕ್ಕೇ ಮಾದರಿಯಾದ ನಗರದಲ್ಲಿ ಈ ಅಂಕಿ ಅನೇಕರಿಗೆ ಅಚ್ಚರಿ ತಂದಿರಬೇಕು. ಮದರಾಸು ಡಯಾಬಿಟಿಸ್ ಸಂಶೋಧನಾ ಪ್ರತಿಷ್ಠಾನದವರು 51 ಶಾಲೆಗಳ 18,955 ಮಕ್ಕಳನ್ನು ಅಳೆದು 2014ರಲ್ಲಿ ಪ್ರಕಟಿಸಿದ ಫಲಿತಾಂಶ ಇನ್ನೂ ಸ್ಪಷ್ಟ. ಖಾಸಗಿ ಶಾಲೆಗಳಲ್ಲಿ ಅತಿತೂಕ ಅಥವಾ ಬೊಜ್ಜು ಇದ್ದ ಮಕ್ಕಳು 21.4%, ಸರ್ಕಾರಿ ಶಾಲೆಗಳಲ್ಲಿ 3.6%. ಒಂದೇ ನಗರದ, ಒಂದೇ ವಯಸ್ಸಿನ, ಕೆಲವೊಮ್ಮೆ ಒಂದೇ ಬೀದಿಯ ಮಕ್ಕಳ ನಡುವೆ ಆರು ಪಟ್ಟು ವ್ಯತ್ಯಾಸ. ಥರ್ಸ್ಟನ್ ಇದ್ದಿದ್ದರೆ ಇದನ್ನು ಎರಡು ಜನಾಂಗಗಳೆಂದು ಬರೆದುಕೊಳ್ಳುತ್ತಿದ್ದನೇನೋ.

ಅದೇ ಅಧ್ಯಯನದಲ್ಲಿ ಇನ್ನೊಂದು ಪಾಠವಿದೆ, ಊರು ಬಿಟ್ಟು ಊರಿಗೆ ಮಕ್ಕಳನ್ನು ಕರೆದೊಯ್ಯುವ ನಮ್ಮಂಥವರಿಗೆ ಅದು ಮುಖ್ಯ. ಮೇಲೆ ಹೇಳಿದ 21.4% ಅಂತರರಾಷ್ಟ್ರೀಯ ಮಾನದಂಡದ ಲೆಕ್ಕ. ಭಾರತದ ಮಕ್ಕಳ ಅಳತೆಗಳಿಂದಲೇ ಪುಣೆಯ ಖಾಡಿಲ್ಕರ್ ಮತ್ತು ಸಂಗಡಿಗರು ರೂಪಿಸಿದ ಮಾನದಂಡ ಬಳಸಿದಾಗ ಅದೇ ಮಕ್ಕಳಲ್ಲಿ ಅದು 26.4% ಆಯಿತು. ಮಕ್ಕಳ ಮೈ ಬದಲಾಗಲಿಲ್ಲ, ಗೆರೆ ಬದಲಾಯಿತು. ಭಾರತೀಯ ಮಕ್ಕಳತಜ್ಞರ ಅಕಾಡೆಮಿ 2015ರಲ್ಲಿ ಒಪ್ಪಿದ ಪಟ್ಟಿಗಳು ವಯಸ್ಕರ ಬಿಎಂಐ 23 ಮತ್ತು 27ಕ್ಕೆ ಹೊಂದುವ ಗೆರೆಗಳನ್ನು ಎಳೆಯುತ್ತವೆ. ಜಗತ್ತಿನ ಬೇರೆಡೆ ಆ ಗೆರೆಗಳು 25 ಮತ್ತು 30. ಯಾಜ್ಞಿಕರ ಚಿತ್ರವನ್ನು ನೆನೆದರೆ ಈ ಕೆಳಗಿನ ಗೆರೆಯ ಕಾರಣ ಅರ್ಥವಾಗುತ್ತದೆ. ಚೆನ್ನೈನ ವೈದ್ಯರು ಎಚ್ಚರಿಸಿದ ಮಗುವನ್ನು ಸಿಂಗಪುರದಲ್ಲೋ ನ್ಯೂಜೆರ್ಸಿಯಲ್ಲೋ ತೋರಿಸಿದರೆ ಏನೂ ತೊಂದರೆಯಿಲ್ಲ ಎಂಬ ಮಾತು ಬರಬಹುದು. ಇಬ್ಬರೂ ತಮ್ಮ ತಮ್ಮ ಪಟ್ಟಿಯ ಪ್ರಕಾರ ಸರಿಯಾಗಿಯೇ ಹೇಳಿರುತ್ತಾರೆ.

ಈಗ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಂಥ ಕಡೆ ಭಾರಜಲದ ವಿಧಾನವೂ ಬಳಕೆಯಲ್ಲಿದೆ. ಡ್ಯುಟೀರಿಯಂ ಸೇರಿಸಿದ ನೀರನ್ನು ಸ್ವಲ್ಪ ಕುಡಿಸಿ, ಕೆಲವು ಗಂಟೆಗಳ ನಂತರ ಎಂಜಲಿನಲ್ಲಿ ಅದು ಎಷ್ಟು ತೆಳುವಾಗಿದೆ ಎಂದು ನೋಡಿದರೆ ಮೈಯ ಒಟ್ಟು ನೀರು ತಿಳಿಯುತ್ತದೆ. ಕೊಬ್ಬಿನಲ್ಲಿ ನೀರು ಇರುವುದಿಲ್ಲವಾದ್ದರಿಂದ ಉಳಿದ ಲೆಕ್ಕ ಸುಲಭ. 2016ರಿಂದ 2018ರವರೆಗಿನ ರಾಷ್ಟ್ರೀಯ ಸಮಗ್ರ ಪೋಷಣಾ ಸಮೀಕ್ಷೆ ದೇಶದಾದ್ಯಂತ ಮಕ್ಕಳ ಚರ್ಮದ ಮಡಿಪನ್ನೂ ಅಳೆಯಿತು. ಬರದ ನಾಡೆಂದು ತೂಕವನ್ನಷ್ಟೇ ನೋಡುತ್ತಿದ್ದ ದೇಶ, ಮಕ್ಕಳ ಕೊಬ್ಬನ್ನೂ ಲೆಕ್ಕಕ್ಕೆ ತಂದುಕೊಂಡಿತು.

ಈ ಚರಿತ್ರೆಯನ್ನು ಓದಿದಾಗ ಪ್ರತಿ ಅಳತೆಯ ಹಿಂದೆಯೂ ಆ ಕಾಲದ ಒಂದು ಭಯ ಕಾಣುತ್ತದೆ. ವಸಾಹತು ಸರ್ಕಾರಕ್ಕೆ ಜನರನ್ನು ವಿಂಗಡಿಸುವ ಆತುರ, ಬರಗಾಲದಲ್ಲಿ ಖಜಾನೆಯ ಚಿಂತೆ, ಸ್ವಾತಂತ್ರ್ಯದ ನಂತರ ಹಸಿವಿನ ನಾಚಿಕೆ, ಈಗ ಮಧುಮೇಹದ ಅಂಜಿಕೆ. ಅಳೆಯಲ್ಪಡುವವರ ಭಯವನ್ನು ಕೇಳಿದವರು ಮಾತ್ರ ಕಡಿಮೆ. ಪಣಿಯ ಹೆಂಗಸರ ಆತಂಕ ಥರ್ಸ್ಟನ್ನನಿಗೆ ತಮಾಷೆಯಾಗಿ ಕಂಡಿತು. ಇಂದು ಶಾಲೆಯಲ್ಲಿ ಸಾಲಾಗಿ ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ ತೂಕ ಕೂಗಿ ಹೇಳಿದಾಗ ಹನ್ನೆರಡು ವರ್ಷದ ಹುಡುಗಿಯ ಮುಖ ಸಣ್ಣಗಾಗುವುದನ್ನೂ ನಾವು ತಮಾಷೆಯೆಂದೇ ಬಿಡುತ್ತೇವೆ. ಮನೆಯಲ್ಲೂ ಗುಂಡಮ್ಮ, ಕಡ್ಡಿ ಎಂಬ ಅಡ್ಡಹೆಸರುಗಳು ಪ್ರೀತಿಯ ಹೆಸರಲ್ಲಿ ನಡೆಯುತ್ತವೆ. ಅಳತೆ ಮಗುವಿಗೆ ಉಪಕಾರವಾಗಬೇಕಾದರೆ ಮೊದಲು ಅದು ಮಗುವಿನ ಗುಟ್ಟಾಗಿ ಉಳಿಯಬೇಕು.

ಎರಡನೆಯದಾಗಿ, ಅಳತೆಗಳು ಒಂದಕ್ಕೊಂದು ಸೇರಿಕೊಂಡಿರಬೇಕು. ಮೈಸೂರಿನ ದಾದಿಯರ ಪುಸ್ತಕ ಬೆಲೆಬಾಳಿದ್ದು ಅದು ಅರವತ್ತು ವರ್ಷ ಉಳಿದದ್ದರಿಂದ. ಊರೂರು ಅಲೆಯುವ ಕುಟುಂಬಗಳಲ್ಲಿ ಮೊದಲು ಕಳೆದುಹೋಗುವ ಕಾಗದ ಮಗುವಿನ ಬೆಳವಣಿಗೆಯ ಪಟ್ಟಿಯೇ. ಲಸಿಕೆ ಮುಗಿದ ಮೇಲೆ ಅದರ ನೆನಪು ಯಾರಿಗೂ ಇರುವುದಿಲ್ಲ. ಹುಟ್ಟಿದಾಗಿನ ತೂಕ, ಎರಡು ವರ್ಷದ ಅಳತೆ, ಐದಾರು ವರ್ಷದ್ದು, ಹತ್ತರದ್ದು ಇವಿಷ್ಟು ಒಂದೇ ಹಾಳೆಯಲ್ಲಿ ಇದ್ದರೆ ಯಾವ ಊರಿನ, ಯಾವ ದೇಶದ ವೈದ್ಯರಾದರೂ ತಮ್ಮ ಪಟ್ಟಿಯನ್ನು ಪಕ್ಕಕ್ಕಿಟ್ಟು ಆ ಮಗುವಿನ ಗೆರೆಯನ್ನೇ ಓದಬಲ್ಲರು.